ಪದಚರ್ಚೆ: ಸೈನಿಕರ ಹಳೆಯ ಬಟನ್‌ಗೆ ‘ಗುಂಡಿ’ ಎಂದರೆ ಸಾಕೇ?

ಚಿಕ್ಕಬಳ್ಳಾಪುರದಿಂದ:

ಮಾನ್ಯರೇ, ಕೆಲವು ಪದಗಳು ತುರ್ತಾಗಿ ಬೇಕಾಗಿವೆ. ನಮ್ಮ ಶಾಲೆಯ ಪ್ರದರ್ಶನದ ಫಲಕಗಳು ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ನಂದಿಬೆಟ್ಟದ ತಪ್ಪಲಿನ ರೈತರೊಬ್ಬರು ತಮ್ಮ ಹೊಲದಲ್ಲಿ ಹೂತುಹೋದ ಪೈಪಿನ ವಾಲ್ವ್ ಹುಡುಕಲು ಲೋಹಶೋಧಕ ತರಿಸಿದ್ದರು. ವಾಲ್ವಿನ ಜೊತೆಗೆ ಮೂರು ಹಳೆಯ ಬಟನ್‌ಗಳೂ ಸಿಕ್ಕಿವೆ. ಒಂದು ಬೂದು ಬಣ್ಣದ ಚಪ್ಪಟೆ ಬಿಲ್ಲೆ, ಅದರ ಮೇಲೆ 71 ಎಂಬ ಅಂಕಿ. ಎರಡನೆಯದು ಹಿತ್ತಾಳೆಯದು: ಸಿಂಹ, ಒಂಟಿಕೊಂಬಿನ ಕುದುರೆ, ನಡುವೆ ಗುರಾಣಿ, ಮೇಲೆ ಕಿರೀಟ; ಹಿಂಬದಿಯಲ್ಲಿ ಲಂಡನ್ನಿನ ಫರ್ಮಿನ್ ಎಂಬ ಹೆಸರು. ಮೂರನೆಯದರಲ್ಲಿ ಗಂಡಭೇರುಂಡ.

ನಾನು ಬರೆದುಕೊಂಡಿರುವ ತಲೆಬರಹ ‘ನಂದಿಯ ನಿಧಿ: ಬ್ರಿಟಿಷ್ ಸೈನ್ಯದ ತುಕ್ಕು ಹಿಡಿದ ಗುಂಡಿಗಳು’. ಇದನ್ನು ಓದಿದ ಸಹೋದ್ಯೋಗಿಯೊಬ್ಬರು ‘ಸೈನ್ಯ ತೋಡಿದ ಗುಂಡಿಗಳೇ?’ ಎಂದು ಕೇಳಿದರು. ಬಟನ್ ಎಂದೇ ಬರೆಯಲೇ? ಬಟ್ಟೆಗೆ ಹೊಲಿಯಲೆಂದು ಹಿಂದೆ ಇರುವ ಬಳೆಗೆ ಏನೆನ್ನಬೇಕು? ರೆಜಿಮೆಂಟ್‌ಗೆ ಕನ್ನಡವಿದೆಯೇ? ಮೂರರ ಕಾಲವನ್ನೂ ಒಂದೊಂದು ಸಾಲಿನಲ್ಲಿ ಸೂಚಿಸಬೇಕು.

ತುಮಕೂರಿನಿಂದ:

‘ಗುಂಡಿ’ಯೇ ಸರಿ. ಗುಂಡು, ಗುಂಡಗೆ, ಗುಂಡಿ. ಒಂದೇ ಬೇರಿನ ಅಚ್ಚಗನ್ನಡ ಮಾತುಗಳು. ನೆಲದ ಗುಂಡಿ ಯಾವುದು, ಅಂಗಿಯ ಗುಂಡಿ ಯಾವುದು ಎಂದು ತಿಳಿಯದವರಿಗಾಗಿ ಭಾಷೆಯನ್ನು ಬಿಟ್ಟುಕೊಡಲಾಗದು. ಬಟನ್ ಬೇಡ. ರೆಜಿಮೆಂಟ್‌ಗೆ ‘ಪಡೆ’ ಎನ್ನಿ, ಅಥವಾ ನಮ್ಮವರೇ ಆಡುವ ‘ಪಟಾಲಂ’ ಎನ್ನಿ. ಹಿಂದಿನದು ‘ಕೊಕ್ಕೆ’. ‘ಸೈನ್ಯ’ ಸಂಸ್ಕೃತ, ‘ದಂಡು’ ಸಾಕು.

ಕೋಲಾರದಿಂದ:

ಅಮ್ಮಾ, ಅಚ್ಚಿಗೆ ಕೊಡುವ ಮುನ್ನ ಇದನ್ನು ಓದಿ. ತುಮಕೂರಿನ ಮೇಷ್ಟ್ರು ಪದದ ಹುಟ್ಟನ್ನು ನೋಡುತ್ತಿದ್ದಾರೆ. ಫಲಕದಲ್ಲಿ ನೋಡಬೇಕಾದದ್ದು ಆ ಪದ ವಸ್ತುವಿನ ಕಾಲವನ್ನು ಕೆಡಿಸುತ್ತದೆಯೇ ಎಂಬುದನ್ನು. ನಿಮ್ಮ ತಲೆಬರಹದ ಒಂದೊಂದು ಮಾತೂ ಕೆಡಿಸುತ್ತಿದೆ.

‘ಗುಂಡಿ’ ಇರಲಿ, ನನ್ನ ಅಭ್ಯಂತರವಿಲ್ಲ. ‘ಸಮವಸ್ತ್ರದ ಗುಂಡಿ’ ಎಂದು ಬರೆದರೆ ಯಾರೂ ಹಳ್ಳವೆಂದುಕೊಳ್ಳುವುದಿಲ್ಲ. ಆದರೆ ಅಚ್ಚಗನ್ನಡ ಎಂಬ ಕಾರಣ ಬೇಡ. ಮರಾಠಿಯಲ್ಲಿಯೂ ಅಂಗಿಗೆ ಗುಂಡಿ ಇದೆ, ಹಿಂದಿಯಲ್ಲಿ ಘುಂಡಿ ಇದೆ. ನಮ್ಮ ಕಡೆ ತೆಲುಗಿನ ಜೊತೆ ಬದುಕುವವರ ಬಾಯಲ್ಲಿ ‘ಬೊತ್ತಾಮು’ ಇದೆ, ಅದು ಪೋರ್ಚುಗೀಸರ ಮಾತು. ಆ ಗುಂಡಿ ತೂರುವ ‘ಕಾಜ’ವೂ ಅವರದೇ, ‘ಕಾಸಾ’ ಎಂದರೆ ಮನೆ. ಕಾಜ ಹೊಲಿಯಬೇಡಿ ಎಂದು ಯಾವ ದರ್ಜಿಗೂ ಹೇಳಲಾಗದು.

‘ತುಕ್ಕು’ ತಪ್ಪು. ತುಕ್ಕು ಕಬ್ಬಿಣಕ್ಕೆ. ಹಿತ್ತಾಳೆ, ತಾಮ್ರಕ್ಕೆ ಹಿಡಿಯುವ ಹಸಿರು ‘ಕಿಲುಬು’. ಇಷ್ಟು ಒಳ್ಳೆಯ ಮಾತು ಮನೆಯಲ್ಲಿರುವಾಗ ಬಿಡಬೇಡಿ. ಆ ಕಿಲುಬನ್ನು ಯಾರೂ ಹುಣಸೆಹಣ್ಣಿನಿಂದ ಉಜ್ಜದಂತೆಯೂ ನೋಡಿಕೊಳ್ಳಿ. ಪೂಜೆಯ ಪಾತ್ರೆ ಬೆಳಗುವ ಕೈಗೆ ಗುಂಡಿ ಸಿಕ್ಕರೆ ಚಿನ್ನದ ಲೇಪವೇನಾದರೂ ಉಳಿದಿದ್ದರೆ ಅದೂ ಹೋಗುತ್ತದೆ, ಹಿಂಬದಿಯ ಅಕ್ಷರವೂ ಸವೆಯುತ್ತದೆ. ಆ ಅಕ್ಷರಕ್ಕೆ ಬಹಳ ಬೆಲೆಯಿದೆ. ತಯಾರಕರು ವಿಳಾಸ ಬದಲಿಸಿದಂತೆಲ್ಲ ಹಿಂಬದಿಯ ಬರಹವೂ ಬದಲಾಗಿದೆ; ಹೆಸರಿನ ಜೊತೆಗೆ ಬೀದಿಯ ಹೆಸರು ಓದಲು ಬಂದರೆ ಕಾಲವನ್ನು ಇನ್ನೂ ಬಿಗಿಹಿಡಿಯಬಹುದು. ಲೇಪವಿದ್ದರೆ ‘ಗಿಲೀಟು’ ಎಂದು ಬರೆಯಬೇಡಿ. ಆ ಮಾತಿಗೆ ಈಗ ನಕಲಿ ಎಂಬ ಅರ್ಥ ಅಂಟಿಕೊಂಡಿದೆ, ಹಳೆಯ ಅಧಿಕಾರಿಗಳ ಗುಂಡಿಗೆ ಪಾದರಸದಲ್ಲಿ ಬೆರೆಸಿ ಹಚ್ಚುತ್ತಿದ್ದದ್ದು ನಿಜವಾದ ಚಿನ್ನ.

ಹಿಂದಿನ ಬಳೆಗೆ ‘ಕೊಂಡಿ’ ಎನ್ನಿ. ಕೊಕ್ಕೆಯ ಬಾಯಿ ತೆರೆದಿರುತ್ತದೆ; ಸರಪಳಿಯ ಕೊಂಡಿ ಮುಚ್ಚಿರುತ್ತದೆ.

ಇನ್ನು 71. ಬ್ರಿಟನ್ನಿನ ಕಾಲಾಳು ರೆಜಿಮೆಂಟ್‌ಗಳ ಗುಂಡಿಯ ಮೇಲೆ ಅವುಗಳ ಸಂಖ್ಯೆ ಇರಬೇಕೆಂಬ ಆಜ್ಞೆ 1767ರದು. ಬೂದು ಬಣ್ಣದ್ದು ತವರದ ಮಿಶ್ರಲೋಹ, ಸಾಮಾನ್ಯ ಸಿಪಾಯಿಗಳದು. 1855ರಲ್ಲಿ ಅವರಿಗೂ ಹಿತ್ತಾಳೆ ಬಂದಿತು. ಹಾಗಾಗಿ ಇದು ಆ ಎರಡು ವರ್ಷಗಳ ನಡುವಿನದು. ಇನ್ನೂ ಹತ್ತಿರ ಹೋಗಬಹುದು. ಇಲ್ಲಿಗೆ ಬಂದ ಸ್ಕಾಟ್ಲೆಂಡಿನ ಹೈಲ್ಯಾಂಡ್ ರೆಜಿಮೆಂಟ್ ಹುಟ್ಟಿದಾಗ ಅದರ ಸಂಖ್ಯೆ 73. ಅದು 71 ಆದದ್ದು 1786ರಲ್ಲಿ. ಟಿಪ್ಪುವಿನ ಎದುರು ಬಂದ ಕಾರ್ನ್‌ವಾಲಿಸನ ಸೈನ್ಯದಲ್ಲಿ ಈ ರೆಜಿಮೆಂಟ್ ಇತ್ತು, ನಂದಿದುರ್ಗ ಬಿದ್ದದ್ದು 1791ರ ಅಕ್ಟೋಬರಿನಲ್ಲಿ. ಆದರೂ ‘1791ರ ಗುಂಡಿ’ ಎಂದು ಬರೆಯಬೇಡಿ. ಈ ರೆಜಿಮೆಂಟಿನದಾದರೆ ಗುಂಡಿ ಹೇಳುವುದು 1786ರ ನಂತರದ್ದು ಎಂಬುದನ್ನಷ್ಟೇ. ಉಳಿದದ್ದನ್ನು ಸಿಕ್ಕಿದ ಜಾಗ ಸೂಚಿಸುತ್ತದೆ, ಸಾಬೀತು ಮಾಡುವುದಿಲ್ಲ. ಈಗ ‘71ನೆಯ ಪಡೆ’ ಎಂದು ಬರೆದರೆ ಏನಾಗುತ್ತದೆ? ಪಡೆ, ದಳ, ತುಕಡಿ ಯಾವುದಾದರೂ ಆದೀತು. ಸಂಖ್ಯೆ ಸೇರುವುದು ರೆಜಿಮೆಂಟ್‌ಗೆ, ಕಾಲ ನಿಂತಿರುವುದು ಆ ಸಂಖ್ಯೆಯ ಮೇಲೆ. ರೆಜಿಮೆಂಟ್ ಎಂದೇ ಬರೆಯಿರಿ.

‘ಬ್ರಿಟಿಷ್ ಸೈನ್ಯ’ವೂ ಸಾಲದು. ನಂದಿಯ ಕೆಳಗೆ ನಿಂತಿದ್ದದ್ದು ಎರಡು ಬಗೆಯ ಸೈನ್ಯ. ಒಂದು ಇಂಗ್ಲೆಂಡಿನ ದೊರೆಯದು, ಇನ್ನೊಂದು ಈಸ್ಟ್ ಇಂಡಿಯಾ ಕುಂಪಣಿಯದು. ಕುಂಪಣಿಯ ಮದ್ರಾಸ್ ಯುರೋಪಿಯನ್ ರೆಜಿಮೆಂಟೇ ಮುಂದೆ 1881ರಲ್ಲಿ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್‌ನ ಭಾಗವಾಯಿತು. ಐರ್ಲೆಂಡಿನ ಆ ರೆಜಿಮೆಂಟಿನ ಯುದ್ಧಗೌರವಗಳ ಪಟ್ಟಿಯಲ್ಲಿ ನಮ್ಮ ನಂದಿದುರ್ಗದ ಹೆಸರು 1922ರಲ್ಲಿ ಅದು ವಿಸರ್ಜನೆಯಾಗುವವರೆಗೂ ಇತ್ತು. ನಿಮ್ಮ 71 ದೊರೆಯ ಕಡೆಯದು. ಮಕ್ಕಳಿಗೆ ಈ ವ್ಯತ್ಯಾಸ ಕಾಣಲಿ.

ಹಿತ್ತಾಳೆಯದು ಸಿಪಾಯಿಗಳ ಸಾಮಾನ್ಯ ಮಾದರಿಯಾದರೆ 1871ರ ನಂತರದ್ದು. ಆಗ ಅವರ ಗುಂಡಿಗಳಿಂದ ಸಂಖ್ಯೆ ಹೋಗಿ ರಾಜಲಾಂಛನ ಬಂದಿತು. ಕಿರೀಟದ ಕಮಾನು ನೋಡಿ: ನಡುವೆ ತಗ್ಗಾಗಿದ್ದರೆ ವಿಕ್ಟೋರಿಯಾ ರಾಣಿಯ ಕಾಲ, ಗುಮ್ಮಟದಂತೆ ಉಬ್ಬಿದ್ದರೆ 1901ರ ನಂತರದ ರಾಜರ ಕಾಲ. ಗಂಡಭೇರುಂಡ ಮೈಸೂರು ಸಂಸ್ಥಾನದ್ದು. ಆದರೆ ಆ ಲಾಂಛನ ಸೈನಿಕನಿಗೆ ಮಾತ್ರ ಮೀಸಲಾಗಿರಲಿಲ್ಲ. ‘ಸಂಸ್ಥಾನದ ಸಮವಸ್ತ್ರದ ಗುಂಡಿ’ ಎಂದಷ್ಟೇ ಇರಲಿ.

ಕೊನೆಯದಾಗಿ, ‘ನಿಧಿ’ ಎಂಬುದನ್ನು ಇಂದೇ ಹೊಡೆದುಹಾಕಿ. ಶಾಸನಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ ಎಂದು ಅಷ್ಟಭೋಗಗಳನ್ನು, ಎಂದರೆ ಭೂಮಿಯ ಮೇಲಿನ ಎಂಟು ಹಕ್ಕುಗಳನ್ನು, ಎಣಿಸುವಾಗ ಮೊದಲು ಬರುವ ಮಾತು ಅದು, ಭೂಮಿಯ ಒಡೆತನದ ಮಾತು. 1878ರ ನಿಧಿ ಕಾನೂನಿನಲ್ಲಿಯೂ ನೆಲದಲ್ಲಿ ಸಿಕ್ಕ ವಸ್ತು ಹತ್ತು ರೂಪಾಯಿಗೆ ಮೀರಿದ ಬೆಲೆಯದಾದರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದಿತ್ತು. ರೈತರಿಂದ ಒಂದು ಅರ್ಜಿ ಬರೆಸಿ ಕೊಡಿಸಿ. ನಿಧಿ ಎಂದು ಬರೆದರೆ ನಾಳೆ ಆ ಹೊಲಕ್ಕೆ ರಾತ್ರಿ ಹಾರೆ ಹಿಡಿದು ಬರುವವರಿದ್ದಾರೆ. ಕೋಟೆ, ಗುಡಿಗಳ ಸುತ್ತ ಅಗೆದು ಹಾಳುಮಾಡಿದ್ದನ್ನು ನಮ್ಮ ಜಿಲ್ಲೆಗಳಲ್ಲಿ ಬೇಕಾದಷ್ಟು ನೋಡಿದ್ದೇವೆ.

ತುಮಕೂರಿನಿಂದ:

ಕಿಲುಬು, ಕೊಂಡಿ ಒಪ್ಪಿದೆ. ರೆಜಿಮೆಂಟ್ ಒಪ್ಪುವುದಿಲ್ಲ. ಇಂದು ಕಾಲದ ನೆಪ, ನಾಳೆ ಇನ್ನೊಂದು ನೆಪ. ಹೀಗೆಯೇ ಅಡುಗೆಮನೆಯಿಂದ ಕಚೇರಿಯವರೆಗೆ ಒಂದೊಂದೇ ಪದ ಹೊರಟುಹೋಗಿದೆ. ಶಾಲೆಯ ಫಲಕದಲ್ಲಿಯೂ ನಮ್ಮ ಪದಕ್ಕೆ ಜಾಗವಿಲ್ಲದಿದ್ದರೆ ಇನ್ನೆಲ್ಲಿ? ‘ಪಟಾಲಂ’ಗೆ ಏನು ಕೊರತೆ? ಜೊತೆಗೆ, ‘ನಂತರ’ ಎಂದು ಬರೆದಿದ್ದೀರಿ. ‘ಬಳಿಕ’ ಎನ್ನಿ.

ಕೋಲಾರದಿಂದ:

ಮೇಷ್ಟ್ರೇ, ಪಟಾಲಂ ಕೂಡ ಐರೋಪ್ಯ ಮಾತಿನಿಂದಲೇ ಬಂದದ್ದು. ನಮ್ಮ ಬಾಯಲ್ಲಿ ತಿರುಗಿ ನಮ್ಮದಾಗಿದೆ, ಸಂತೋಷ. ಆದರೆ ಅದು ರೆಜಿಮೆಂಟಿನ ಒಳಗಿನ ವಿಭಾಗವಾದ ಬೆಟಾಲಿಯನ್ನಿನ ಕಡೆಯ ಮಾತು, ರೆಜಿಮೆಂಟ್‌ಗೆ ಹೊಂದುವುದಿಲ್ಲ.

ನಿಮ್ಮ ಸಂಕಟ ನನಗೂ ಇದೆ. ಕಿಲುಬು ಇರುವಲ್ಲಿ ತುಕ್ಕು ಬಂದರೆ ನನಗೂ ಸಿಟ್ಟು ಬರುತ್ತದೆ. ಕನ್ನಡದ ಮಾತು ವಸ್ತುವನ್ನು ಸರಿಯಾಗಿ ಹೇಳುವ ಕಡೆ ಅದನ್ನು ಬಿಡುವುದು ಸೋಮಾರಿತನ. ಹೇಳದ ಕಡೆ ಅದನ್ನು ತುರುಕುವುದು ಅದಕ್ಕಿಂತ ಕೆಟ್ಟದ್ದು. ‘ಕುಂಪಣಿ’ಯನ್ನೇ ನೋಡಿ. ಎರವಲು ಮಾತು, ಆದರೆ ಅದನ್ನು ಕೇಳಿದ ಕೂಡಲೇ 1858ಕ್ಕಿಂತ ಹಿಂದಿನ ಆಳ್ವಿಕೆ ಎಂದು ತಿಳಿಯುತ್ತದೆ. ಲಾವಣಿ ಕಟ್ಟಿದವರು ಅದನ್ನು ‘ವ್ಯಾಪಾರಿ ಸಂಘ’ ಎಂದು ಮಾಡಲಿಲ್ಲ. ಸಿಪಾಯಿ, ಸುಬೇದಾರ, ಕಿಲ್ಲೇದಾರ ಎಲ್ಲವನ್ನೂ ತೆಗೆದುಹಾಕಿದರೆ ಶಿರಾ, ಮಧುಗಿರಿಯ ಕೋಟೆಗಳ ಚರಿತ್ರೆಯನ್ನು ಯಾವ ಮಾತಿನಲ್ಲಿ ಬರೆಯುತ್ತೀರಿ? ‘ಬಳಿಕ’ ಒಪ್ಪಿಕೊಂಡೆ.

ಚಿಕ್ಕಬಳ್ಳಾಪುರದಿಂದ:

ಇಬ್ಬರಿಗೂ ವಂದನೆಗಳು. ಕಿರೀಟದ ಕಮಾನು ನಡುವೆ ತಗ್ಗಾಗಿದೆ. ಅಚ್ಚಿಗೆ ಕಳುಹಿಸುತ್ತಿರುವುದು ಹೀಗಿದೆ:

‘ನಂದಿಯ ತಪ್ಪಲಿನ ಹೊಲದಲ್ಲಿ ಸಿಕ್ಕ ಸಮವಸ್ತ್ರದ ಗುಂಡಿಗಳು. 1. ಇಂಗ್ಲೆಂಡಿನ ದೊರೆಯ 71ನೆಯ ರೆಜಿಮೆಂಟ್, ತವರದ ಮಿಶ್ರಲೋಹ, 1786ರ ಬಳಿಕದ್ದು. 2. ಬ್ರಿಟಿಷ್ ಸೈನ್ಯದ ಸಾಮಾನ್ಯ ಮಾದರಿ, ಹಿತ್ತಾಳೆ, 1871ರಿಂದ 1901ರ ನಡುವಿನದು. ಹಿಂಬದಿಯಲ್ಲಿ ಕೊಂಡಿ ಮತ್ತು ತಯಾರಕರ ಹೆಸರು. 3. ಮೈಸೂರು ಸಂಸ್ಥಾನದ ಗಂಡಭೇರುಂಡ. ಕಿಲುಬನ್ನು ಬೇಕೆಂದೇ ತೆಗೆದಿಲ್ಲ.’

ಅರ್ಜಿಯನ್ನು ರೈತರು ನಾಳೆಯೇ ಕೊಡುತ್ತಾರೆ.

ತುಮಕೂರಿನಿಂದ:

‘ಸಮವಸ್ತ್ರ’ಕ್ಕೆ ಯಾರೂ ಕನ್ನಡ ಹುಡುಕಲಿಲ್ಲ. ‘ರೆಜಿಮೆಂಟ್’ ಉಳಿದದ್ದಕ್ಕೆ ನನ್ನ ಒಪ್ಪಿಗೆ ಇಲ್ಲ, ಅದು ದಾಖಲಾಗಲಿ.