ಮಗನ ತಲೆಯಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಬೋಳು, ಇದು ಹರಡುತ್ತಾ?

ಡೊಂಬಿವಲಿ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗನಿಗೆ 11 ವರ್ಷ. ಹೋದ ಭಾನುವಾರ ಕಟಿಂಗ್‌ಗೆ ಕರೆದುಕೊಂಡು ಹೋದಾಗ ಸಲೂನಿನವರು ಕಿವಿಯ ಹಿಂದೆ ತೋರಿಸಿ "ಚಾಯಿ ಬಿದ್ದಿದೆ" ಅಂದರು. ಮರಾಠಿಯಲ್ಲಿ ಇದಕ್ಕೆ ಹಾಗೇ ಹೇಳ್ತಾರಂತೆ. ಕಲೆ ನುಣ್ಣಗಿದೆ, ತುರಿಕೆ ಇಲ್ಲ. ಧಾರವಾಡದಿಂದ ಅತ್ತೆ ಫೋನ್ ಮಾಡಿ, ಹುಳ ತಿಂದಿದೆ, ಬೆಳ್ಳುಳ್ಳಿ ತಿಕ್ಕು ಅಂದರು. ತಿಕ್ಕಿದೆ. ಚರ್ಮ ಕೆಂಪಾಗಿ ರಾತ್ರಿಯೆಲ್ಲ ಅತ್ತ. ಡಾಕ್ಟರು ಅಲೋಪೀಸಿಯಾ ಏರಿಯೇಟಾ ಅಂತ ಬರೆದು ಮುಲಾಮು ಕೊಟ್ಟರು, ಹೆಚ್ಚು ಮಾತಾಡಲಿಲ್ಲ. ನಮ್ಮ ಸೊಸೈಟಿಯ ಬೋರ್‌ವೆಲ್ ನೀರಿನಿಂದ ಆಯ್ತಾ? ತಲೆಯೆಲ್ಲ ಹೋಗುತ್ತಾ? ಅವನೂ ತಂಗಿಯೂ ಒಂದೇ ದಿಂಬಿನಲ್ಲಿ ಮಲಗುತ್ತಾರೆ, ಅವಳಿಗೂ ಅಂಟುತ್ತಾ?

ಮುಲುಂಡ್ ಅಕ್ಕ:
ತಂಗಿ, ಮೊದಲು ಬೆಳ್ಳುಳ್ಳಿ ನಿಲ್ಲಿಸಿ. ಇದು ಹುಳವಲ್ಲ, ನೀರಿನದ್ದೂ ಅಲ್ಲ. ಯಾರಿಗೂ ಅಂಟುವುದಿಲ್ಲ. ನನಗೆ 19ಕ್ಕೆ ಶುರುವಾಗಿದ್ದು, ಈಗ 43.

ಮೈ ಕಾಯಬೇಕಾದ ಬಿಳಿ ರಕ್ತಕಣಗಳು ಕೂದಲ ಬುಡವನ್ನೇ ವೈರಿ ಅಂದುಕೊಂಡು ಮುತ್ತಿಗೆ ಹಾಕುತ್ತವೆ. ಸೂಕ್ಷ್ಮದರ್ಶಕದಲ್ಲಿ ಜೇನುಹುಳುಗಳು ಮುತ್ತಿದ ಹಾಗೆ ಕಾಣುತ್ತದಂತೆ. ಆದರೆ ಬುಡ ಸಾಯುವುದಿಲ್ಲ, ಕೆಲಸ ನಿಲ್ಲಿಸಿ ಸುಮ್ನೆ ಕೂತಿರುತ್ತದೆ. ಅದಕ್ಕೇ ವರ್ಷಗಳ ಮೇಲೂ ಕೂದಲು ಮರಳಿ ಬರಬಹುದು. ಈ ಒಂದು ಮಾತು ನನಗೆ ಮೊದಲ ದಿನವೇ ಯಾರಾದರೂ ಹೇಳಿದ್ದರೆ ಎಷ್ಟೋ ರಾತ್ರಿ ನಿದ್ದೆ ಮಾಡುತ್ತಿದ್ದೆ.

ಬೆಳಿಗ್ಗೆ ಬಿಸಿಲಿಗೆ ಕೂರಿಸಿ ಕಲೆಯ ಅಂಚನ್ನು ನೋಡಿ. ಮೂರು ನಾಲ್ಕು ಮಿಲಿಮೀಟರಿನ ಮೋಟು ಕೂದಲು ಇದೆಯಾ? ತುದಿ ದಪ್ಪ, ಚರ್ಮದ ಹತ್ತಿರ ಬರಬರುತ್ತಾ ಸಣ್ಣ, ಆಶ್ಚರ್ಯಸೂಚಕ ಚಿಹ್ನೆಯ ಹಾಗೆ. ಅದು ಕಂಡರೆ ಕಾಯಿಲೆ ಇನ್ನೂ ಚುರುಕಾಗಿದೆ ಅಂತ. ವಾಪಸ್ ಬರುವಾಗ ಮೊದಲು ಬಿಳಿ ನೂಲಿನಂಥ ಕೂದಲು ಬರಬಹುದು, ಹೆದರಬೇಡಿ. ನನ್ನದು ಆರು ತಿಂಗಳಲ್ಲಿ ಕಪ್ಪಾಯಿತು.

ಹರಡುತ್ತಾ ಅಂತ ಕೇಳಿದಿರಿ. ಸುಳ್ಳು ಸಮಾಧಾನ ಹೇಳುವುದಿಲ್ಲ. ಒಂದೆರಡು ಸಣ್ಣ ಕಲೆ ಇದ್ದವರಲ್ಲಿ ಬಹಳ ಜನಕ್ಕೆ ವರ್ಷದೊಳಗೆ ತಾನಾಗಿ ತುಂಬಿಕೊಳ್ಳುತ್ತದೆ. ಮತ್ತೆ ಬೀಳುವುದೂ ಉಂಟು. ನನ್ನ ಮೊದಲ ಕಲೆ ಎಂಟು ತಿಂಗಳಲ್ಲಿ ಹೋಯಿತು, ಐದು ವರ್ಷ ಏನೂ ಇರಲಿಲ್ಲ. 26ಕ್ಕೆ ಒಂದು ಕಿವಿಯಿಂದ ಕುತ್ತಿಗೆಯ ಹಿಂದೆ ಹಾಯ್ದು ಇನ್ನೊಂದು ಕಿವಿಯವರೆಗೆ ಪಟ್ಟಿಯ ಹಾಗೆ ಉದುರಿತು. ಈ ಥರದ್ದು ಹಟಮಾರಿ. 31ಕ್ಕೆ ತಲೆ, ಹುಬ್ಬು, ರೆಪ್ಪೆ ಎಲ್ಲ ಹೋಯಿತು. ಆ ಜುಲೈನಲ್ಲಿ ಸ್ಟೇಷನ್ನಿನಿಂದ ಮನೆಗೆ ನಡೆಯುವಾಗ ಮಳೆನೀರು ಹಣೆಯಿಂದ ನೇರ ಕಣ್ಣಿಗಿಳಿಯುತ್ತಿತ್ತು. ಹುಬ್ಬು ಏನು ಕೆಲಸ ಮಾಡುತ್ತಿತ್ತು ಅಂತ ಆವತ್ತು ತಿಳಿಯಿತು.

ಈಗ ರಕ್ತಕಣಗಳ ಈ ಮುತ್ತಿಗೆಯನ್ನು ತಡೆಯುವ ಜ್ಯಾಕ್ ಇನ್ಹಿಬಿಟರ್ ಅನ್ನುವ ಮಾತ್ರೆಗಳಿವೆ. ಅವುಗಳಲ್ಲಿ ಒಂದಾದ ಬ್ಯಾರಿಸಿಟಿನಿಬ್ ಅನ್ನು ಜಾಸ್ತಿ ಉದುರಿದ ದೊಡ್ಡವರಿಗೆ ಕೊಡಲು ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು. ನನಗೂ ಆ ಜಾತಿಯ ಮಾತ್ರೆ ಕೊಟ್ಟರು, ಅದಕ್ಕೂ ಮೊದಲು ಟಿಬಿ ಪರೀಕ್ಷೆ, ರಕ್ತ ಪರೀಕ್ಷೆ ಮಾಡಿಸಿದರು. ಹುಬ್ಬು ಬಂತು, ತಲೆ ಮುಕ್ಕಾಲು ತುಂಬಿತು. ನಿಲ್ಲಿಸಿದ ನಾಲ್ಕು ತಿಂಗಳಿಗೆ ಮತ್ತೆ ಉದುರಿತು. ಒಂದೇ ಕಲೆಗೆ ಅದೆಲ್ಲ ಬೇಡ.

ಕೋಥ್ರುಡ್, ಪುಣೆ:
ಅಕ್ಕ ಎಲ್ಲ ಹೇಳಿದ್ದಾರೆ. ನನಗೆ ಗಡ್ಡದಲ್ಲಿ ಬಂದಿತ್ತು. ಕಲೆಗೇ ಸ್ಟೀರಾಯ್ಡ್ ಇಂಜೆಕ್ಷನ್, ಆರು ವಾರಕ್ಕೊಮ್ಮೆ. ಮೂರನೆಯದಕ್ಕೆ ಕೂದಲು ಚಿಗುರಿತು. ಮಕ್ಕಳಿಗೆ ನೋವಾಗುತ್ತೆ, ಹಾಗಾಗಿ ಸಾಮಾನ್ಯವಾಗಿ ಮುಲಾಮಿನಿಂದಲೇ ಶುರು. ಮಗನ ಉಗುರು ನೋಡಿ. ಸೂಜಿ ಚುಚ್ಚಿದಂಥ ಸಣ್ಣ ಗುಳಿಗಳಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ, ಅಂಥವರಲ್ಲಿ ಜಾಸ್ತಿ ಹರಡುವ ಸಾಧ್ಯತೆ ಇದೆ. ಥೈರಾಯ್ಡ್ ಪರೀಕ್ಷೆ ಬೇಕಾ ಅಂತಲೂ ಕೇಳಿ. ನನಗೆ ಈ ಕಾಯಿಲೆಯೂ ಥೈರಾಯ್ಡ್ ತೊಂದರೆಯೂ ಒಟ್ಟಿಗೇ ಸಿಕ್ಕಿತು. ತಿಂಗಳಿಗೊಂದು ಫೋಟೋ ತೆಗೆದಿಡಿ, ಪಕ್ಕದಲ್ಲಿ ಸ್ಕೇಲ್ ಇಟ್ಟು.

ಡೊಂಬಿವಲಿ ಅಮ್ಮ:
ಇವತ್ತು ಬಾಲ್ಕನಿಯಲ್ಲಿ ಕೂರಿಸಿ ನೋಡಿದೆ. ಕೆಳಗಿನ ಅಂಚಿನಲ್ಲಿ ಮೂರು ಮೋಟು ಕೂದಲು ಇವೆ, ಅಕ್ಕ ಹೇಳಿದ ಹಾಗೇ. ಉಗುರು ನುಣ್ಣಗಿವೆ. ಸ್ಕೇಲಿನಲ್ಲಿ ಕಲೆ 24 ಮಿಲಿಮೀಟರ್. ಸೋಮವಾರ ಮತ್ತೆ ಡಾಕ್ಟರ ಹತ್ತಿರ ಹೋಗ್ತೀವಿ. ಹೆದರಿ ಅವನ ದಿಂಬನ್ನು ಬೇರೆ ಕೋಣೆಗೆ ಹಾಕಿದ್ದೆ. ಈಗಷ್ಟೇ ತಂದು ತಂಗಿಯ ಪಕ್ಕ ಇಟ್ಟೆ.