ಅಣ್ಣನಿಗೆ ಅಸ್ಥಿಮಜ್ಜೆ ಕಸಿ: ನನಗೂ ವೈರಸ್ ಪರೀಕ್ಷೆ ಏಕೆ?

ಪ್ರಶ್ನೆ (ಗೋಣಿಕೊಪ್ಪದಿಂದ):
ಡಾಕ್ಟರೇ, ನಮಸ್ಕಾರ. ನನ್ನ ಅಣ್ಣನಿಗೆ ಎಚ್‌ಟಿಎಲ್‌ವಿ-1 ವೈರಸ್‌ನಿಂದ ಬರುವ ಟಿ-ಕೋಶದ (ಒಂದು ಬಗೆಯ ಬಿಳಿ ರಕ್ತಕಣದ) ರಕ್ತ ಕ್ಯಾನ್ಸರ್ ಎಂದು ಬೆಂಗಳೂರಿನಲ್ಲಿ ಹೇಳಿದ್ದಾರೆ. ಕೀಮೋದಿಂದ ಕತ್ತಿನ ಗಡ್ಡೆಗಳು ಇಳಿದಿವೆ, ಊಟ ಸೇರುತ್ತಿದೆ. ಆದರೂ ಕಸಿ ಬೇಕೇ ಬೇಕಂತೆ. ನನ್ನ ಎಚ್‌ಎಲ್‌ಎ (ಕಸಿಗೆ ಹೊಂದಿಕೆ ನೋಡುವ ಕೋಶದ ಗುರುತು) ಅವನಿಗೆ ಪೂರ್ತಿ ಹೊಂದಿದೆ, ಕೊಡಲು ಸಿದ್ಧಳಿದ್ದೇನೆ. ಆರೋಗ್ಯವಾಗಿರುವ ನನಗೂ ಅದೇ ವೈರಸ್ ಪರೀಕ್ಷೆ ಏಕೆ?

ಉತ್ತರ:
ಮಾಡಿಸಲೇಬೇಕಮ್ಮ. ಈ ವೈರಸ್ ಹೆಚ್ಚಾಗಿ ತಾಯಿಯ ಎದೆಹಾಲಿನಿಂದ ಮಗುವಿಗೆ ಬರುತ್ತದೆ. ಅಣ್ಣನಿಗೆ ಹಾಗೆ ಬಂದಿದ್ದರೆ, ಅದೇ ಹಾಲು ಕುಡಿದ ನಿಮ್ಮಲ್ಲೂ ಇರಬಹುದು. ಸೋಂಕಿರುವ ಇಪ್ಪತ್ತು ಜನರಲ್ಲಿ ಸುಮಾರು ಒಬ್ಬರಿಗೆ ಮಾತ್ರ, ಅದೂ ಹತ್ತಾರು ವರ್ಷಗಳ ನಂತರ, ಕ್ಯಾನ್ಸರ್ ಬರುತ್ತದೆ. ಉಳಿದವರಲ್ಲಿ ಹೆಚ್ಚಿನವರು ಜೀವನಪೂರ್ತಿ ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಸೋಂಕಿರುವ ದಾನಿಯ ಕೋಶಗಳೇ ಕಸಿಯ ನಂತರ ರೋಗಿಯ ಮೈಯಲ್ಲಿ ಕ್ಯಾನ್ಸರ್ ಆಗಿ ತಿರುಗಿದ ಪ್ರಕರಣಗಳಿವೆ. ವೈರಸ್ ಇಲ್ಲದ ದಾನಿ ಸಿಕ್ಕರೆ ಅವರೇ ಮೇಲು.

ಇನ್ನು ಕಸಿಯ ಮಾತು. ವೇಗವಾಗಿ ಬೆಳೆಯುವ ಬಗೆಯಾದರೆ ಕೀಮೋಗೆ ಬಗ್ಗಿದ ರೋಗ ಬಹುಪಾಲು ರೋಗಿಗಳಲ್ಲಿ ತಿಂಗಳುಗಳಲ್ಲೇ ಮರಳುತ್ತದೆ. ಗಡ್ಡೆ ಇಳಿದಿರುವ ಈ ಸಮಯವೇ ಕಸಿಗೆ ಸರಿಯಾದ ಸಮಯ. ದಾನಿಯ ರಕ್ಷಣಾ ಕೋಶಗಳು ಉಳಿದ ಕ್ಯಾನ್ಸರ್ ಕೋಶಗಳನ್ನು ಹುಡುಕಿ ಕೊಲ್ಲುತ್ತವೆ. ಕೀಮೋ ಮಾಡಲಾಗದ ಕೆಲಸ ಅದು. ಅವೇ ಕೋಶಗಳು ಅಣ್ಣನ ಚರ್ಮ, ಕರುಳು, ಯಕೃತ್ತಿನ ಮೇಲೂ ತಿರುಗಿಬೀಳಬಹುದು, ಜೀವಕ್ಕೇ ಅಪಾಯವಾಗಬಹುದು. ಈ ಕಾಯಿಲೆ ಹೆಚ್ಚಿರುವ ಜಪಾನಿನಲ್ಲಿ ಕಸಿಯಾದವರಲ್ಲಿ ಮೂರು ವರ್ಷ ದಾಟಿದವರು ಸುಮಾರು ಮೂರನೇ ಒಂದು ಭಾಗ. ಕಡಿಮೆ ಎನ್ನಿಸಿದರೂ ಕೀಮೋ ಒಂದನ್ನೇ ನಂಬುವುದಕ್ಕಿಂತ ಇದು ಮೇಲು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಪ್ರಶ್ನೆ:
ಪರೀಕ್ಷೆಗೆ ನಾಳೆಯೇ ಹೋಗುತ್ತೇನೆ. ಕಸಿಯಾದ ಮೇಲೆ ಅವನನ್ನು ಮನೆಗೆ ಯಾವಾಗ ಕರೆತರಬಹುದು? ಕಾಫಿ ತೋಟ ಬಿಟ್ಟು ಇರುವವನಲ್ಲ.

ಉತ್ತರ:
ಮೊದಲ ನೂರು ದಿನ ಆಸ್ಪತ್ರೆಯ ಹತ್ತಿರವೇ ಮನೆ ಮಾಡಿ. ಜ್ವರ ಬಂದ ರಾತ್ರಿ ಕೊಡಗಿನಿಂದ ಬೆಂಗಳೂರಿಗೆ ಐದಾರು ಗಂಟೆ ಪ್ರಯಾಣ ಮಾಡುವ ಸ್ಥಿತಿ ಬರಬಾರದು. ಆಮೇಲೂ ಮಳೆಗಾಲದಲ್ಲಿ ಬೂಷ್ಟು ಹಿಡಿದ ಗೋಡೆ, ಗೊಬ್ಬರದ ಗುಂಡಿ, ಕಾಫಿ ಒಣಗಿಸುವ ಕಣದ ಧೂಳು ಅವನಿಗೆ ಕೂಡದು; ಶಿಲೀಂಧ್ರ ಶ್ವಾಸಕೋಶಕ್ಕೆ ಇಳಿಯುತ್ತದೆ.

ತೋಟ ಎಂದಿರಿ, ಅದಕ್ಕೇ ಕೇಳುತ್ತೇನೆ: ಬರಿಗಾಲಲ್ಲಿ ಓಡಾಡಿದವನೇ? ಸ್ಟ್ರಾಂಜಿಲಾಯ್ಡಿಸ್ ಎಂಬ ಸಣ್ಣ ಹುಳು ಮಣ್ಣಿನಿಂದ ಅಂಗಾಲಿನ ಮೂಲಕ ಒಳಹೊಕ್ಕು ದಶಕಗಳ ಕಾಲ ಕರುಳಿನಲ್ಲಿ ಉಳಿಯುತ್ತದೆ. ಈ ವೈರಸ್ ಇರುವವರಿಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಸ್ಟೀರಾಯ್ಡ್ ಔಷಧ ಕೊಟ್ಟಾಗ ಆ ಹುಳು ಮೈಯೆಲ್ಲ ಹರಡಿ ಪ್ರಾಣ ತೆಗೆಯಬಲ್ಲದು. ಮೊದಲೇ ಪತ್ತೆಯಾದರೆ ಐವರ್‌ಮೆಕ್ಟಿನ್ ಮಾತ್ರೆಯಲ್ಲಿ ಗುಣವಾಗುತ್ತದೆ. ಬರಿಗಾಲಿನ ವಿಷಯವನ್ನು ಕಸಿ ತಂಡಕ್ಕೆ ಈ ವಾರವೇ ತಿಳಿಸಿ, ಹುಳುವಿನ ಪರೀಕ್ಷೆ ಆಗಿದೆಯೇ ಎಂದು ಕೇಳಿ.