25 ವರ್ಷದ ಸಿಂಗಲ್ ಮಾಲ್ಟ್ ಒಗರೆನಿಸಿದರೆ ತಪ್ಪು ನಾಲಿಗೆಯದೇ?

ಪ್ರಶ್ನೆ:
ನಿವೃತ್ತಿಯ ದಿನಕ್ಕೆಂದು ಎತ್ತಿಟ್ಟಿದ್ದ 25 ವರ್ಷದ ಸ್ಕಾಚ್ ಸಿಂಗಲ್ ಮಾಲ್ಟನ್ನು (ಒಂದೇ ಡಿಸ್ಟಿಲರಿಯಲ್ಲಿ ಬಾರ್ಲಿ ಮಾಲ್ಟಿನಿಂದ ಇಳಿಸಿದ ಸ್ಕಾಟ್ಲೆಂಡಿನ ವಿಸ್ಕಿ) ನಿನ್ನೆ ತೆರೆದೆ. ಹಳೆಯ ತಾಮ್ರದ ಬಣ್ಣ. ಮೂಗಿಗೆ ಒಣದ್ರಾಕ್ಷಿ, ಜೇನುಮೇಣ. ಬಾಯಿಗೆ ಮೊದಲು ಸಿಹಿ, ಹಿಂದೆಯೇ ಹೊತ್ತುಗಟ್ಟಲೆ ಕುದಿಸಿದ ಚಹಾದ ಒಗರು. ಅದೇ ಡಿಸ್ಟಿಲರಿಯ 12 ವರ್ಷದ್ದೇ ಇದಕ್ಕಿಂತ ರುಚಿ ಎನಿಸಿತು. ಹೇಳಿಕೊಳ್ಳಲು ನಾಚಿಕೆ. ನನ್ನ ನಾಲಿಗೆ ಕೆಟ್ಟಿದೆಯೇ?

ಉತ್ತರ 1:
ಐಸ್ ಹಾಕಿದ್ದಿರಾ? ತಣ್ಣಗಾದರೆ ಪರಿಮಳ ಮುದುಡಿಕೊಳ್ಳುತ್ತದೆ.

ಉತ್ತರ 2:
ನಾಚಿಕೆ ಏಕೆ? ಲೇಬಲ್ಲಿನ 25 ಎಂದರೆ ಬಾಟಲಿಯೊಳಗಿನ ಅತಿ ಕಿರಿಯ ವಿಸ್ಕಿ ಓಕ್ ಪೀಪಾಯಿಯಲ್ಲಿ ಕಳೆದ ವರ್ಷಗಳು, ಅಷ್ಟೇ. ಸ್ಕಾಚ್‌ಗೆ ಕಾನೂನು ಕೇಳುವುದು 3 ವರ್ಷ. ಮರ ವೆನಿಲಾ ಕೊಡುತ್ತದೆ, ಮಸಾಲೆಯ ಘಮ ಕೊಡುತ್ತದೆ, ಜೊತೆಗೆ ಟ್ಯಾನಿನ್ನನ್ನೂ ಕೊಡುತ್ತದೆ. ನಿಮ್ಮ ಒಗರು ಅದೇ. ಅಮೆರಿಕದ ವಿಸ್ಕಿ ಬರ್ಬನ್ ಇದ್ದ ಸುಮಾರು 200 ಲೀಟರಿನ ಬ್ಯಾರೆಲ್ಲಿನಲ್ಲಿ ಮರದ ಪ್ರಭಾವ, ಸ್ಪೇನಿನ ವೈನ್ ಶೆರಿ ಇದ್ದ 500 ಲೀಟರಿನ ಪೀಪಾಯಿ ‘ಬಟ್’‌ಗಿಂತ ಹೆಚ್ಚು. ಆದರೆ ಪೀಪಾಯಿ ಆಗಷ್ಟೇ ಶೆರಿ ಖಾಲಿ ಮಾಡಿದ್ದಾದರೆ ದೊಡ್ಡದೂ ಸುಮ್ಮನಿರುವುದಿಲ್ಲ.

ಬಣ್ಣಕ್ಕೆ ಅಂಕ ಕೊಡಬೇಡಿ. ಸ್ಕಾಚ್‌ಗೆ ಬಣ್ಣಕ್ಕಾಗಿ ಕ್ಯಾರಮೆಲ್ ಬೆರೆಸಲು ಅನುಮತಿ ಇದೆ.

ಬಾಯಿ ಕಿರಿದಾದ ಲೋಟಕ್ಕೆ ಸುರಿದು 20 ನಿಮಿಷ ಬಿಡಿ. ಆಮೇಲೆ ನೀರು, ಹನಿಹನಿಯಾಗಿ. ನಾನೊಮ್ಮೆ ಚಮಚದಿಂದ ಸುರಿದು 30 ವರ್ಷದ್ದೊಂದನ್ನು ಮುಳುಗಿಸಿದೆ. ಅಂದಿನಿಂದ ಕೈಯಲ್ಲಿ ಔಷಧಿಯ ಡ್ರಾಪರ್. ನುಂಗಿದ ಮೇಲೆ ನೂರು ಎಣಿಸಿ. ಹಳೆಯ ವಿಸ್ಕಿಯ ನಿಜವಾದ ಪರೀಕ್ಷೆ ಅಲ್ಲಿಯೇ: ಮರದ ಕಹಿಯನ್ನು ದಾಟಿ ಹಣ್ಣು ಮತ್ತೆ ಬರುತ್ತದೆಯೇ? ಬಾರದಿದ್ದರೆ ಪೀಪಾಯಿಯಿಂದ ಇಳಿಸುವುದು ತಡವಾಗಿದೆ ಎಂದೇ ನನ್ನ ತೀರ್ಪು. ಬೆಲೆ ನನ್ನ ಮನಸ್ಸು ಬದಲಿಸದು.

ಉತ್ತರ 3:
ಬೆಲೆಗೂ ಕಾರಣವಿದೆ. ಸ್ಕಾಟ್ಲೆಂಡಿನ ಗೋದಾಮಿನಲ್ಲಿ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾಗುತ್ತದೆ. ಅಲ್ಲಿನವರು ಅದನ್ನು ದೇವದೂತರ ಪಾಲು ಎನ್ನುತ್ತಾರೆ. 25 ವರ್ಷಕ್ಕೆ ಲೆಕ್ಕ ಹಾಕಿ, ಐದರಲ್ಲಿ ಎರಡು ಪಾಲು ಗಾಳಿಗೆ. ನೀವು ಹಣ ತೆತ್ತದ್ದು ಅದಕ್ಕೂ ಸೇರಿಸಿ.

ಪ್ರಶ್ನೆ ಕೇಳಿದವರು:
ಐಸ್ ಹಾಕಿರಲಿಲ್ಲ. ಡ್ರಾಪರ್ ಹುಡುಕಿ ತಂದೆ. ನಾಲ್ಕನೆಯ ಹನಿಗೆ ಕಿತ್ತಳೆ ಸಿಪ್ಪೆಯ ವಾಸನೆ ಎದ್ದಿತು, ಎಲ್ಲಿ ಅಡಗಿತ್ತೋ! ನೂರು ಎಣಿಸಿದೆ, ಅರವತ್ತರ ಹೊತ್ತಿಗೆ ಹಣ್ಣು ಮಾಯ, ಒಗರು ಮಾತ್ರ ಕುಳಿತಿತ್ತು. ನಂತರ ಹೆಂಡತಿ ಎರಡನ್ನೂ ಸುರಿದುಕೊಟ್ಟಳು, ನಾನು ಕಣ್ಣು ಮುಚ್ಚಿ ಕುಡಿದೆ. ಮೂರು ಸಲವೂ ಕೈ ಹೋದದ್ದು 12ರ ಕಡೆಗೇ. 25ನ್ನು ಈಗ ಮೂಸಲು ಮಾತ್ರ ಸುರಿದುಕೊಳ್ಳುತ್ತಿದ್ದೇನೆ.